ಖಾಲಿ ಹೊಟ್ಟೆಯ ಓಟ

ಹೋಟೆಲಿನ ಹುಡುಗ ಮೇಜಿನ ಮೇಲೆ ಒದ್ದೆ ಬಟ್ಟೆ ಎಳೆದು ಹೋದ, ನೀರಿನ ಗೆರೆಯೊಂದು ಹರಿದು ಚಿನ್ನಿಯ ಮಣಿಕಟ್ಟು ಮುಟ್ಟಿ ನಿಂತಿತು, ಎಷ್ಟು ಸಣ್ಣ ಮಣಿಕಟ್ಟು, ದಿನಾ ಹಾಕಿ ಸ್ಟಿಕ್ಕನ್ನು ಆ ಕೈಗೆ ಕೊಟ್ಟು ಹಿಡಿತ ತಿದ್ದಿದವನು ತಾನೇ, ಆದರೂ ಅನಿಲ್‌ಕುಮಾರ್ ಮಗಳ ಕೈಯನ್ನು ಸರಿಯಾಗಿ ನೋಡಿದ್ದು ಅರ್ಧ ಗಂಟೆಯ ಹಿಂದೆ, ಮಡಿಕೇರಿಯ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ — ವಯಸ್ಸು ಹದಿಮೂರು, ಮೂಳೆ ನೋಡಿದ್ರೆ ಹನ್ನೊಂದರ ಮೇಲಿಲ್ಲ, ಏನು ತಿನ್ನಿಸ್ತೀರಿ ಇವಳಿಗೆ. ಹೈಸ್ಕೂಲಿನ ಪಿ.ಇ. ಮೇಷ್ಟ್ರಿಗೇ ಆ ಪ್ರಶ್ನೆ, ಜಿಲ್ಲಾ ತಂಡಕ್ಕೆ ಒಂಬತ್ತು ಮಕ್ಕಳನ್ನು ತಯಾರು ಮಾಡಿದವನಿಗೆ, ಆ ಒಂಬತ್ತೂ ಊರವರ ಮಕ್ಕಳು, ತನ್ನವಳು ಮಾತ್ರ ಗಿಡ್ಡ, ಕ್ರೀಡಾ ಹಾಸ್ಟೆಲಿನ ಆಯ್ಕೆಯಲ್ಲಿ ಎರಡು ಸಲವೂ ಎತ್ತರ ಸಾಲದೆ ವಾಪಸಾದವಳು.

ಎಲ್ಲ ಎರಡು ವರ್ಷದ ಹಿಂದೆ ಪಿ.ಇ. ಮೇಷ್ಟ್ರುಗಳಿಗೆ ನಡೆದ ಆ ಶಿಬಿರದಿಂದ, ಊಟದ ನಂತರದ ಉಪನ್ಯಾಸ, ಅರ್ಧ ಜನ ತೂಕಡಿಸುತ್ತಿದ್ದರು, ತಾನೊಬ್ಬ ಶ್ರದ್ಧೆಯಿಂದ ಬರೆದುಕೊಂಡ, ತೂಕಡಿಸಿದ್ದರೆ ಎಷ್ಟೋ ಚೆನ್ನಾಗಿತ್ತು — ಏದುಸಿರು ಬರುವಂತೆ ಹತ್ತು ನಿಮಿಷ ಓಡಿದರೆ ಮಿದುಳಿನ ಬುಡದ ಗ್ರಂಥಿ ಬೆಳವಣಿಗೆಯ ಹಾರ್ಮೋನು ಬಿಡುತ್ತದೆ, ಓಡುವ ಮೊದಲು ಸಿಹಿ ಹೊಟ್ಟೆಗೆ ಹೋದರೆ ಕಡಿಮೆ ಬಿಡುತ್ತದೆ, ಆ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದ. ಬೆಲ್ಲದ ಕಾಫಿ ಕುಡಿಯದೆ ಹೊಸ್ತಿಲು ದಾಟುವವರು ಮನೆಯಲ್ಲಿ ಯಾರಿದ್ದರು, ಮಾರನೆಯ ಬೆಳಿಗ್ಗೆಯೇ ಚಿನ್ನಿಯ ಕೈಯಿಂದ ಲೋಟ ಕಿತ್ತುಕೊಂಡ, ಕಾಫಿಯೂ ಇಲ್ಲ ರೊಟ್ಟಿಯೂ ಇಲ್ಲ, ಓಡಿ ಬಂದ ಮೇಲೂ ಒಂದು ಗಂಟೆ ಏನೂ ಇಲ್ಲ, ಬಂದ ಹಾರ್ಮೋನು ಹಾಳಾಗಬಾರದಲ್ಲ, ಅಷ್ಟರಲ್ಲಿ ಶಾಲೆಯ ಬಸ್ಸು, ಸಂಜೆ ಮತ್ತೆ ಅದೇ. ಅವ್ವ, ಗುರುಸಿದ್ದಮ್ಮ, ಒಲೆಯ ಮುಂದಿನಿಂದ ಏಳದೆಯೇ ಅಂದಿದ್ದಳು, ಬರೀ ಹೊಟ್ಟೇಲಿ ದನಾನೂ ಗದ್ದೆಗೆ ಹೊಡಿಯಲ್ವಲ್ಲೋ, ಮಗೂನ ಹೊಡ್ಕೊಂಡು ಹೋಗ್ತೀಯಲ್ಲ. ನಿಂಗೆ ತಿಳಿಯಲ್ಲ ಸುಮ್ನಿರವ್ವ, ಇದು ಸೈನ್ಸು — ಅಬ್ಬಾ, ಎಂಥ ದೊಡ್ಡ ಮನುಷ್ಯ. ಒಮ್ಮೆ ಹೆಂಡತಿ ಸುಧಾ ಮಗಳ ಚೀಲದಲ್ಲಿ ಅಕ್ಕಿ ರೊಟ್ಟಿ ಸುತ್ತಿಟ್ಟಿದ್ದಳು, ಇವನು ಮೈದಾನದಲ್ಲಿ ಅದನ್ನು ಹುಡುಕಿ ತೆಗೆದು ನಾಯಿಗೆ ಹಾಕಿದ, ಚಿನ್ನಿ ನೋಡುತ್ತಾ ನಿಂತಿದ್ದಳು, ಅಳಲಿಲ್ಲ, ಅಳದಿದ್ದಕ್ಕೆ ಇವನಿಗೆ ಹೆಮ್ಮೆ, ಶಿಸ್ತು ಬಂತು ಅಂದುಕೊಂಡ, ಎರಡು ವರ್ಷ ಹಾಗೇ ಅಂದುಕೊಂಡ.

ನೀವು ಬರಕೊಂಡಿದ್ದು ಸುಳ್ಳಲ್ಲ ಮೇಷ್ಟ್ರೇ, ಅಂದರು ಎಲ್ಲ ಕೇಳಿಸಿಕೊಂಡ ಡಾಕ್ಟರಮ್ಮ, ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಅವರು ಪಾಠ ಹೇಳುವಂತೆ ಮೆತ್ತಗೆ ಹೇಳಿದರು, ಓಡಿದರೆ ಹಾರ್ಮೋನು ಬರುತ್ತದೆ, ಸಾಕಾದಾಗ ಮಿದುಳೇ ನಿಲ್ಲಿಸುತ್ತದೆ, ನಿದ್ದೆಯಲ್ಲಿ ಇನ್ನೂ ಹೆಚ್ಚು ಬರುತ್ತದೆ, ಯಾರೂ ಓಡಿಸದಿದ್ದರೂ ಬರುತ್ತದೆ, ಆದರೆ ಅದರ ಮಾತನ್ನು ಲಿವರ್ ಕೇಳಬೇಕು, ಮೂಳೆ ಬೆಳೆಸುವ ಅಂಶ ಮಾಡಿ ಕಳಿಸುವುದು ಅದೇ, ಹೊಟ್ಟೆಗಿಲ್ಲದ ಮಗುವಿನ ಲಿವರ್ ಕೇಳುವುದಿಲ್ಲ, ಮೊದಲು ಜೀವ ಉಳಿಯಲಿ ಎತ್ತರ ಆಮೇಲೆ ಅನ್ನುತ್ತದೆ ಮೈ. ಹಾಗಾದರೆ ಅವಳ ಮೈಗೆ ತಿಳಿದಿತ್ತು, ಅವ್ವನಿಗೂ ತಿಳಿದಿತ್ತು. ಇನ್ನೂ ಸ್ವಲ್ಪ ಕಾಲ ಇದೆ, ಓಟ ನಿಲ್ಲಿಸಿ, ಹೊಟ್ಟೆ ತುಂಬ ತಿನ್ನಲಿ, ಹೋದದ್ದೆಲ್ಲ ವಾಪಸು ಬರುತ್ತೆ ಅಂತ ಹೇಳಲಾರೆ, ಅಂದರು ಡಾಕ್ಟರಮ್ಮ — ಮೆಟ್ಟಿಲು ಇಳಿಯುವಾಗ ಮಗಳ ಚೀಲ ತಾನೇ ಹೊತ್ತ, ಎದುರಿಗೆ ಸಿಕ್ಕ ಮೊದಲ ಹೋಟೆಲಿಗೆ ನುಗ್ಗಿದ, ಎರಡು ವರ್ಷವನ್ನು ಒಂದೇ ಮೇಜಿನಲ್ಲಿ ತೀರಿಸುವವನ ಹಾಗೆ ದೋಸೆ, ಕೇಸರಿಬಾತು, ಹಾಲು ಎಲ್ಲ ಹೇಳಿದ. ಈಗ ದೋಸೆ ಬಂತು. ಚಿನ್ನಿ ಅಂಚು ಮುರಿದಳು, ಬಾಯಿಯ ಹತ್ತಿರ ತಂದಳು, ಅಲ್ಲೇ ನಿಲ್ಲಿಸಿ ಅವನ ಮುಖ ನೋಡಿದಳು. ತಿನ್ನು ಮಗಳೇ, ಎಂದ. ತಿಂದಳು. ಎರಡನೆಯ ತುತ್ತು, ಮತ್ತೆ ಅವನ ಮುಖ. ತಿನ್ನವ್ವ, ನನ್ನ ಕೇಳಬೇಡ, ಎಂದ, ಹೂಂ ಅಂದಳು, ಮೂರನೆಯ ತುತ್ತು ಮುರಿದಳು, ತುಟಿಯ ಹತ್ತಿರ ತಂದಳು — ಅಲ್ಲೇ ನಿಂತ ಕೈ, ಅವನ ಮುಖದ ಮೇಲೆ ಅವಳ ಕಣ್ಣು —