ಅರ ಹಿಡಿದ ಕೈ

ಗೊಟ್ಟಿಗೆರೆಯ ಬೋರಣ್ಣನಿಗೆ ಯುಗಾದಿ, ದೀಪಾವಳಿಗಿಂತ ದೊಡ್ಡ ಹಬ್ಬಗಳು ಎರಡು: ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು. ಲೇಔಟಿನ ಸಂಘಕ್ಕೆ ಅಧ್ಯಕ್ಷನಾಗಿ ಹನ್ನೊಂದು ವರ್ಷ, ಅಷ್ಟೂ ವರ್ಷ ಪಾರ್ಕಿನಲ್ಲಿ ಬಾವುಟದ ಹಗ್ಗ ಎಳೆದವನು ಅವನೇ. ಎಳೆದ ಮೇಲೆ ಹತ್ತು ನಿಮಿಷ ಭಾಷಣ. ಅದರಲ್ಲಿ ಎಂಟು ನಿಮಿಷ ತಾನು ಆರ್ಮಿಯಲ್ಲಿದ್ದ ಕಾಲದ್ದು. ಆ ಕಾಲ ಒಟ್ಟು ಏಳೇ ತಿಂಗಳು ಎನ್ನುವುದು ಮಾತ್ರ ಭಾಷಣದಲ್ಲಿ ಎಂದೂ ಬರುತ್ತಿರಲಿಲ್ಲ.

ಈ ನೆಮ್ಮದಿಗೆ ಕಲ್ಲು ಹಾಕಲೆಂದೇ ಬಂದವನು ಸೋಮಲಿಂಗಪ್ಪ. ಊರಿನ ಶಾಲೆಯ ಮೇಷ್ಟರ ಮಗ, ಬೋರಣ್ಣನ ಬೆಂಚಿನವನು. ನಲವತ್ತೊಂದು ವರ್ಷದ ಹಿಂದೆ ಇಬ್ಬರೂ ಒಂದೇ ಟ್ರಂಕಿನಲ್ಲಿ ಬಟ್ಟೆ ತುಂಬಿಕೊಂಡು, ಸೈನ್ಯದ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ ಕಲಿಯಲು ಸಿಕಂದರಾಬಾದಿಗೆ ರೈಲು ಹತ್ತಿದ್ದರು. ಬೋರಣ್ಣ ವಾಪಸು ಬಂದ. ಸೋಮಲಿಂಗಪ್ಪ ಉಳಿದ. ಫಿಟ್ಟರ್ ಆದ, ಹವಾಲ್ದಾರ್ ಆದ, ಪರೀಕ್ಷೆ ಕಟ್ಟಿ ಆಫೀಸರ್ ಆದ, ಕರ್ನಲ್ ಆಗಿ ರಿಟೈರ್ ಆದ. ಆಗಿದ್ದು ಆಗಲಿ, ಎಲ್ಲಾದರೂ ದೂರ ಇರಬಾರದೇ? ಬಂದು ಮನೆ ಕಟ್ಟಿದ್ದು ಇದೇ ಲೇಔಟಿನಲ್ಲಿ, ಬೋರಣ್ಣನ ಅಪ್ಪ ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ.

ಬೋರಣ್ಣನಿಗೆ ಹೊಟ್ಟೆ ಉರಿಯಿತು. ಮುಚ್ಚಿಟ್ಟು ಹೇಳುವುದೇನಿದೆ, ಚೆನ್ನಾಗಿಯೇ ಉರಿಯಿತು. ಬೆಳಿಗ್ಗೆ ಕರ್ನಲ್ಲು ಬೆನ್ನು ನೆಟ್ಟಗೆ ಮಾಡಿಕೊಂಡು ವಾಕಿಂಗ್ ಹೋದರೆ ಉರಿಯಿತು. ಬಾಡಿಗೆ ಮನೆಯ ಐಟಿ ಹುಡುಗರು ತನಗೆ ಬರೀ ‘ಅಂಕಲ್’ ಎಂದು, ಅವನನ್ನು ಕಂಡರೆ ಕೈಯಲ್ಲಿದ್ದ ಫೋನು ಜೇಬಿಗಿಟ್ಟು ‘ಗುಡ್ ಮಾರ್ನಿಂಗ್ ಸಾರ್’ ಎಂದರೆ ಇನ್ನೂ ಉರಿಯಿತು. ತನ್ನ ಹೆಂಡತಿ ಮುನಿಲಕ್ಷ್ಮಮ್ಮನೇ ಒಂದು ದಿನ, ಈ ವಯಸ್ಸಿಗೂ ಅವರಿಗೆ ಹೊಟ್ಟೆ ಬಂದಿಲ್ಲ ನೋಡಿ ಎಂದಾಗ ಅವನು ಅರ್ಧ ತಿಂದ ಮುದ್ದೆ ಬಿಟ್ಟು ಎದ್ದಿದ್ದ.

ಜನವರಿ ಇಪ್ಪತ್ತರಂದು ಸಂಘದ ಕಾರ್ಯದರ್ಶಿ ರವಿಕಿರಣ್ ಮನೆಗೆ ಬಂದು, ಸೋಫಾದ ತುದಿಯಲ್ಲಿ ಕೂತು, ಕಾಫಿ ಮುಗಿಯುವವರೆಗೂ ರಸ್ತೆಯ ಗುಂಡಿಗಳ ವಿಷಯ ಮಾತಾಡಿದ. ಆಮೇಲೆ ಮೆಲ್ಲಗೆ ಬಾಯಿಬಿಟ್ಟ.

“ಅಂಕಲ್, ಈ ಸಲ ಫ್ಲಾಗ್ ಕರ್ನಲ್ ಸಾರ್ ಕೈಲಿ ಹಾರಿಸೋಣ ಅಂತ ಎಲ್ರೂ ಹೇಳ್ತಿದಾರೆ. ನೀವು ವೆಲ್ಕಮ್ ಸ್ಪೀಚ್ ಮಾಡಿ.”

ಬೋರಣ್ಣ ಆಗಲಿ ಎಂದ. ಬೇರೆ ಏನು ಹೇಳಲು ಸಾಧ್ಯವಿತ್ತು? ಆದರೆ ಆ ಐದು ದಿನವೂ ಅವನ ತಲೆಯಲ್ಲಿ ಒಂದೇ ಮಾತು ಕುದಿಯುತ್ತಿತ್ತು. ಹನ್ನೊಂದು ವರ್ಷದ ಹಗ್ಗವನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ, ಆ ಕರ್ನಲ್‌ಗಿರಿಯ ಬುಡ ಯಾರದ್ದು ಎಂದು ಊರಿಗೆಲ್ಲ ತಿಳಿಯಲಿ.

ವಿಷಯ ಇಷ್ಟು. ತರಬೇತಿಯಲ್ಲಿ ಫಿಟ್ಟರ್ ಹುಡುಗರಿಗೆ ಒಂದು ಟ್ರೇಡ್ ಟೆಸ್ಟ್ ಇತ್ತು. ಉಕ್ಕಿನ ಒಂದು ತುಂಡನ್ನು ಬರೀ ಅರದಿಂದ ಉಜ್ಜಿ ಉಜ್ಜಿ ಚೌಕ ಮಾಡಬೇಕು, ಇನ್ನೊಂದು ತಟ್ಟೆಯಲ್ಲಿ ಅದೇ ಅಳತೆಯ ಚೌಕದ ತೂತು ಕೊರೆಯಬೇಕು. ಚೌಕವನ್ನು ಹೇಗೆ ತಿರುಗಿಸಿ ಕೂರಿಸಿದರೂ ಸಂದಿಯಲ್ಲಿ ಬೆಳಕು ಕಾಣಬಾರದು. ಕಲಿಸುವ ಉಸ್ತಾದ್ ಅದನ್ನು ಎತ್ತಿ ಬಿಸಿಲಿಗೆ ಹಿಡಿಯುತ್ತಿದ್ದ, ಕೂದಲೆಳೆಯಷ್ಟು ಬೆಳಕು ಬಂದರೂ ಫೇಲು. ಇದಕ್ಕೆ ಅವರು ‘ಜಾಬ್’ ಎನ್ನುತ್ತಿದ್ದರು. ಬೋರಣ್ಣನ ಕೈ ಅದಕ್ಕೆಂದೇ ಹುಟ್ಟಿದಂತಿತ್ತು. ಸೋಮಲಿಂಗಪ್ಪನ ಜಾಬಿನಲ್ಲಿ ಬೆಳಕೇನು, ಇಲಿಯೇ ನುಸುಳಬಹುದಿತ್ತು. ಟೆಸ್ಟಿಗೆ ಎರಡು ದಿನ ಇರುವಾಗ ಬೋರಣ್ಣನ ಅಪ್ಪ ಬಂದು ಮಗನನ್ನು ಬಿಡಿಸಿಕೊಂಡು ಹೊರಟ. ಹೊರಡುವ ಗಡಿಬಿಡಿಯಲ್ಲಿ ಬೋರಣ್ಣ ತಾನು ಮುಗಿಸಿದ್ದ ಜಾಬನ್ನು ಗೆಳೆಯನ ದಿಂಬಿನ ಕೆಳಗೆ ತುರುಕಿ, ನಂದೇ ತೋರಿಸಿ ಪಾಸಾಗು ಎಂದು ಹೇಳಿ ಬಂದಿದ್ದ. ಅಲ್ಲಿಂದ ಈಚೆಗೆ ಸೋಮಲಿಂಗಪ್ಪ ಏರಿದ ಒಂದೊಂದು ಮೆಟ್ಟಿಲೂ ತನ್ನಿಂದ ಕಿತ್ತುಕೊಂಡದ್ದು ಎಂದೇ ಅವನ ಲೆಕ್ಕ.

ಇಪ್ಪತ್ತಾರರ ಬೆಳಿಗ್ಗೆ ಕರ್ನಲ್ ಹಗ್ಗ ಎಳೆದ. ಹೂವು ಉದುರಿತು, ಮಕ್ಕಳು ಹಾಡಿದರು. ಬೋರಣ್ಣ ಮೈಕು ಹಿಡಿದು, ಸ್ವಾಗತ ಮುಗಿಸಿ, ಗಂಟಲು ಸರಿಮಾಡಿಕೊಂಡ.

“ಕರ್ನಲ್ ಸಾಹೇಬ್ರು ಇಷ್ಟು ಮೇಲಕ್ಕೆ ಹೋದ್ರು, ನಮಗೆಲ್ಲ ಹೆಮ್ಮೆ. ಆದ್ರೆ ಒಂದು ಮಾತು. ಅವರ ಮೊದಲ್ನೇ ಟೆಸ್ಟಿಗೆ ಜಾಬ್ ಮಾಡಿಕೊಟ್ಟಿದ್ದು ಈ ಕೈ. ಬೇಕಾದ್ರೆ ಅವರನ್ನೇ ಕೇಳಿ.”

ರವಿಕಿರಣ್ ನೆಲ ನೋಡತೊಡಗಿದ. ಸೋಮಲಿಂಗಪ್ಪ ಎದ್ದು ಬಂದು ಮೈಕು ತೆಗೆದುಕೊಂಡ.

“ನಿಜ,” ಎಂದ. “ಬೋರಣ್ಣ ತನ್ನ ಜಾಬ್ ನನಗೆ ಕೊಟ್ಟು ಹೋದ. ಅಂಥ ಕೈ ನಾನು ಆಮೇಲೆ ನೋಡಲಿಲ್ಲ.”

ಜನ ಚಪ್ಪಾಳೆ ತಟ್ಟಿದರು, ಈ ಸಲ ಬೋರಣ್ಣನಿಗೆ. ಐಟಿ ಹುಡುಗನೊಬ್ಬ ಬಂದು ಸೆಲ್ಫಿ ಕೇಳಿದ. ಬೋರಣ್ಣ ಲಾಡು ಎರಡು ತಿಂದ.

ಹತ್ತು ಗಂಟೆಗೆ ಅವನ ಮನೆಯ ಬೆಲ್ಲು ಆಯಿತು. ಬಾಗಿಲಲ್ಲಿ ಸೋಮಲಿಂಗಪ್ಪ, ಕೈಯಲ್ಲಿ ಹಳೆಯ ಖಾಕಿ ಬಟ್ಟೆಯ ಗಂಟು. ಒಳಗೆ ಬಂದು ಕೂತು ಗಂಟು ಬಿಚ್ಚಿದ. ಎಣ್ಣೆ ಸವರಿ ಇಟ್ಟಿದ್ದ ಉಕ್ಕಿನ ತಟ್ಟೆ, ಅದರೊಳಗೆ ಚೌಕ. ಅವನು ಚೌಕವನ್ನು ಒತ್ತಿ ತೆಗೆದು, ಮಗುಚಿ, ಬೋರಣ್ಣನ ಅಂಗೈ ಮೇಲಿಟ್ಟ. ತಳದಲ್ಲಿ ಉಳಿಯಿಂದ ಹೊಡೆದ ಅಂಕಿ ಇತ್ತು: ೪೧.

ಅದು ಅವನದೇ ನಂಬರು. ಕಚ್ಚಾ ತುಂಡು ಕೊಡುವಾಗಲೇ ಉಸ್ತಾದ್ ಒಬ್ಬೊಬ್ಬರ ನಂಬರು ಹೊಡೆದು ಕೊಡುತ್ತಿದ್ದ, ಒಬ್ಬರ ಜಾಬ್ ಇನ್ನೊಬ್ಬರು ತೋರಿಸಬಾರದು ಎಂದೇ. ಅದನ್ನು ಅವನು ಹೊರಡುವ ಗಡಿಬಿಡಿಯಲ್ಲೇ ಮರೆತಿದ್ದ, ಇಷ್ಟು ವರ್ಷವೂ ನೆನಪಾಗಿರಲಿಲ್ಲ.

“ಹಂಗಾದ್ರೆ ನೀನು ಇದನ್ನ ತೋರಿಸ್ಲೇ ಇಲ್ವಾ?”

ಹೇಗೆ ತೋರಿಸಲಿ ಎಂದ ಸೋಮಲಿಂಗಪ್ಪ. ಆ ಸಲ ಫೇಲಾದೆ, ಮೂರು ತಿಂಗಳು ಇದನ್ನು ಎದುರಿಗಿಟ್ಟುಕೊಂಡು ಉಜ್ಜಿದೆ, ಆಮೇಲೆ ಪಾಸಾದೆ ಎಂದ.

“ಮತ್ತೆ ಪಾರ್ಕಲ್ಲಿ ಯಾಕೆ ಹೇಳ್ಲಿಲ್ಲ?”

“ನೀನು ಕೊಟ್ಟಿದ್ದು ನಿಜ ತಾನೆ. ಅಷ್ಟು ಹೇಳ್ದೆ.” ಸೋಮಲಿಂಗಪ್ಪ ತಟ್ಟೆಯನ್ನು ಮೇಜಿನ ಮೇಲಿಟ್ಟು ಕೇಳಿದ, “ಅದ್ಸರಿ, ಯಾಕೋ ಬಿಟ್ಟು ಬಂದೆ? ನಾನು ಅವತ್ತಿಂದ ಯೋಚ್ನೆ ಮಾಡ್ತಾನೇ ಇದೀನಿ.”

ಹೊಲ ನೋಡುವವರಿರಲಿಲ್ಲ ಎಂದು ಹೇಳುವುದು ಬೋರಣ್ಣನಿಗೆ ಬಾಯಿಪಾಠವಾಗಿತ್ತು. ಇವತ್ತು ಆ ಪಾಠ ಒಪ್ಪಿಸಲಿಲ್ಲ.

“ಬಂದು ಕರ್ಕೊಂಡು ಹೋಗು ಅಂತ ಅಪ್ಪಂಗೆ ಕಾಗದ ಬರೆದಿದ್ದು ನಾನೇ. ಬೆಳಗಿನ ಜಾವ ಸೀಟಿ ಊದ್ತಿದ್ರಲ್ಲ. ಏಳಕ್ಕಾಗ್ತಿರ್ಲಿಲ್ಲ ಕಣೋ.”

“ನಂಗೂ ಆಗ್ತಿರ್ಲಿಲ್ಲ,” ಎಂದ ಸೋಮಲಿಂಗಪ್ಪ.

ಕಾಫಿ ಕುಡಿದು ಅವನು ಹೊರಟ. ಜಾಬ್ ಮೇಜಿನ ಮೇಲೆಯೇ ಉಳಿಯಿತು. ಸ್ವಲ್ಪ ಹೊತ್ತಿಗೆ ರವಿಕಿರಣ್ ಫೋನು ಮಾಡಿದ. ಆಗಸ್ಟ್ ಹದಿನೈದಕ್ಕೆ ಬಾವುಟ ಅಂಕಲ್ ಅವರೇ ಹಾರಿಸಲಿ ಎಂದು ಕರ್ನಲ್ ಸಾರ್ ಹೇಳಿದ್ದಾರಂತೆ, ಎಲ್ಲರೂ ಒಪ್ಪಿದ್ದಾರಂತೆ. ಬೋರಣ್ಣ ನೋಡೋಣ ಎಂದು ಹೇಳಿ ಫೋನು ಇಟ್ಟ.

ಚೌಕವನ್ನು ತಟ್ಟೆಯೊಳಗೆ ಕೂರಿಸಿ ಕಿಟಕಿಯ ಬಿಸಿಲಿಗೆ ಹಿಡಿದ. ಬೆಳಕು ಬರಲಿಲ್ಲ. ತೆಗೆದು ತಿರುಗಿಸಿ ಕೂರಿಸಿದ, ಬರಲಿಲ್ಲ. ನಾಲ್ಕು ಕಡೆಯೂ ನೋಡಿದ. ಸೋಮಲಿಂಗಪ್ಪನ ಮೇಲಿನ ಉರಿ ಹುಡುಕಿದರೂ ಸಿಗಲಿಲ್ಲ. ಅದಕ್ಕಿಂತ ಕೆಟ್ಟದೊಂದು ಶುರುವಾಗಿತ್ತು. ನಲವತ್ತೊಂದನೇ ನಂಬರಿನ ಆ ಹದಿನಾರು ವರ್ಷದ ಹುಡುಗನ ಕೈ ನೆನೆದು ಬೋರಣ್ಣನಿಗೆ ತಡೆಯಲಾರದಷ್ಟು ಹೊಟ್ಟೆಕಿಚ್ಚಾಯಿತು. ಮುನಿಲಕ್ಷ್ಮಮ್ಮ ಎರಡು ಸಲ ಊಟಕ್ಕೆ ಕರೆದಳು. ಅವನು ಕಿಟಕಿಯ ಹತ್ತಿರವೇ ಕೂತಿದ್ದ.