ಗಾಡಿ ತಣ್ಣಗಾಗುವ ಹೊತ್ತು

"ಇದು ಕುದ್ದ ರೇಡಿಯೇಟರೇ ಅಲ್ಲ ಅಕ್ಕ," ಎಂದ ತಮ್ಮ.

ಟೈಲರಕ್ಕ ಅವನ ಮುಖ ನೋಡಿದಳು. ಗ್ಯಾರೇಜಿನ ಮೇಜಿನ ಮೇಲೆ ಅಂಗಾತ ಮಲಗಿದ್ದ ರೇಡಿಯೇಟರನ್ನು ನೋಡಿದಳು. ಮತ್ತೆ ಅವನ ಮುಖ ನೋಡಿದಳು. ಅವಳ ಬೆನ್ನ ಹಿಂದೆ ಗಂಡನ ಹಳೆಯ ಡೀಸೆಲ್ ಪಿಕಪ್, ಮುಂದಿನ ಹಲ್ಲೆಲ್ಲ ಕೀಳಿಸಿಕೊಂಡ ಮುದುಕನಂತೆ ಬಾಯಿ ತೆರೆದು ನಿಂತಿತ್ತು.

"ಕುದ್ದಿಲ್ಲ ಅಂದ್ರೆ? ದಿನಾ ಸಾಯಂಕಾಲ ಬೆಟ್ಟದ ಮೇಲೆ ಕುದಿಯುತ್ತಲ್ಲೋ ಅದು!"

"ಅದೇ ನಾನೂ ಹೇಳೋದು. ದಿನಾ ಕುದಿಯೋ ಗಾಡಿ ಹೀಗಿರಲ್ಲ." ಅವನು ಮಗ್ಗಿನಿಂದ ನೀರು ಹೊಯ್ದ. ಮೇಲಿನ ಬಾಯಲ್ಲಿ ಹೋದ ನೀರು ಕೆಳಗಿನ ಬಾಯಲ್ಲಿ ಧಾರಾಳವಾಗಿ ಬಂತು. "ನೋಡು, ಒಂದು ಕಡೆನೂ ಕಟ್ಟಿಲ್ಲ. ಬಾನೆಟ್ ಒಳಗೆ ಆವಿ ಹೊಡೆದ ಕಲೆ ಇಲ್ಲ, ಮುಚ್ಚಳದ ರಬ್ಬರು ಹೊಸ ಮದುವಣಗಿತ್ತಿ ಥರ ಇದೆ. ನಾನು ಇಳಿಸಿದ್ದು ಇಂಜಿನ್ ತಂಪಿಡೋ ಅಚ್ಚ ಹಸಿರು ಕೂಲೆಂಟು. ಇದಕ್ಕೆ ಒಂದು ಲೋಟ ನೀರು ಬೆರೆಸಿದ್ರೂ ಗೊತ್ತಾಗ್ತಿತ್ತು."

"ಮತ್ತೆ ನಾನು ಕಳಿಸೋ ನೀರು?"

ತಮ್ಮ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿದ. ಅದು ಮೊದಲೇ ಶುಭ್ರವಾಗಿತ್ತು.

ನೀರಿನ ಕಥೆ ಇಡೀ ಬೀದಿಗೆ ಗೊತ್ತಿತ್ತು. ಗಡಸು ನೀರು ಹಾಕಿದರೆ ರೇಡಿಯೇಟರಿನೊಳಗೆ ಸುಣ್ಣ ಕಟ್ಟುತ್ತದೆ ಎಂದು ಯಾರೋ ಒಮ್ಮೆ ಹೇಳಿದ್ದೇ ಸಾಕಾಗಿ, ಟೈಲರಕ್ಕ ಅಂದಿನಿಂದ ದಿನವೂ ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಆರಿಸಿ, ರವಿಕೆಗೆ ಹಾಕುವ ಲೈನಿಂಗ್ ಬಟ್ಟೆಯಲ್ಲಿ ಸೋಸಿ ಎರಡು ಕ್ಯಾನ್ ತುಂಬಿಸಿ ಗಾಡಿಯಲ್ಲಿಡುತ್ತಿದ್ದಳು. ಹಸುಗೂಸಿಗೂ ಇಷ್ಟು ಉಪಚಾರ ಇರಲಿಕ್ಕಿಲ್ಲ ಎಂದು ಪಕ್ಕದ ಮನೆಯವರು ನಗುತ್ತಿದ್ದರು. ಗಂಡ ಬೆಟ್ಟದಾಚೆಯ ಕಾರ್ಖಾನೆಯಿಂದ ನೆಲಕ್ಕೆ ಹಾಸುವ ಟೈಲ್ಸ್ ಹೇರಿಕೊಂಡು ಬರುವವನು. ಭಾರ ಹೊತ್ತ ಗಾಡಿ ಏರಿನಲ್ಲಿ ಕಾದು ನಿಲ್ಲುತ್ತದೆ, ತಣ್ಣಗಾಗುವ ತನಕ ಕಾಯಬೇಕು, ಹಾಗಾಗಿ ಮನೆ ಸೇರುವುದು ತಡ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ "ಗಾಡಿ ಕಾದಿತ್ತು" ಎನ್ನುತ್ತಿದ್ದ. ಎಷ್ಟೋ ಸಂಜೆಗಳಲ್ಲಿ ಅವನು ಮನೆಯಲ್ಲಿ ಆಡಿದ ಒಟ್ಟು ಮಾತು ಅಷ್ಟೇ. ಉಳಿದದ್ದನ್ನು ಅವಳು ಆಡುತ್ತಿದ್ದಳು. ಹೊಲಿಗೆ ಕಲಿಯಲು ಬರುವ ಹುಡುಗಿಯರ ಪುರಾಣ, ದಾರ ತುಂಡಾದದ್ದು, ಕಿವಿ ಕೇಳದ ಅತ್ತೆಗೆ ಕೂಗಿ ಕೂಗಿ ತನ್ನ ಗಂಟಲು ಹರಿದದ್ದು. ಮಿಷನ್ ನಿಂತರೂ ಟೈಲರಕ್ಕನ ಬಾಯಿ ನಿಲ್ಲದು ಎಂದು ಜನ ಆಡಿಕೊಂಡರೆ, ಅವಳು ಅದನ್ನು ತನ್ನ ದುಡಿಮೆಗೆ ಸಂದ ಪ್ರಶಸ್ತಿ ಎಂದೇ ತಿಳಿದಿದ್ದಳು.

ಈ ಸಲ ಗಂಡ ಬಸ್ಸು ಹತ್ತಿ ತನ್ನ ಅಕ್ಕನ ಮನೆಗೆ ಹೋದದ್ದೇ ತಡ, ಅವಳು ಗಾಡಿಯನ್ನು ತಮ್ಮನ ಗ್ಯಾರೇಜಿಗೆ ಸಾಗಿಸಿದ್ದಳು. ದಪ್ಪನೆಯ ಹೊಸ ರೇಡಿಯೇಟರು, ಹೊಸ ವಾಟರ್ ಪಂಪು, ಬಿಸಿ ಏರಿದರೆ ತಾನೇ ತಿರುಗುವ ಕರೆಂಟ್ ಫ್ಯಾನು. ಬಂದವನು ಬೆರಗಾಗಬೇಕು, ಇನ್ನು ಮೇಲೆ ಹೊತ್ತು ಮುಳುಗುವ ಮುಂಚೆ ಮನೆಯಲ್ಲಿರಬೇಕು. ಅಷ್ಟೇ ಅವಳ ಆಸೆ.

"ಭಾವ ಯಾವತ್ತೂ ನನ್ನ ಕೈಗೆ ಗಾಡಿ ಕೊಡ್ತಿರಲಿಲ್ಲ, ಕಾರ್ಖಾನೆ ಶೆಡ್ಡಲ್ಲೇ ಮಾಡಿಸ್ಕೋತೀನಿ ಅನ್ನೋರು," ಎಂದ ತಮ್ಮ, ಸ್ಪ್ಯಾನರಿಗೆ ಹೇಳುವವನಂತೆ. "ನನ್ನ ಕೆಲಸದ ಮೇಲೆ ನಂಬಿಕೆ ಇಲ್ವೇನೋ ಅಂದ್ಕೊಂಡಿದ್ದೆ."

ಟೈಲರಕ್ಕ ಅಲ್ಲೇ ಇದ್ದ ಹಳೆ ಟೈರಿನ ಮೇಲೆ ಕೂತಳು. ಬಾಯಿ ತೆರೆದಳು, ಏನೂ ಹೊರಡಲಿಲ್ಲ. ತಮ್ಮ ಹೆದರಿದ್ದು ಅದಕ್ಕೆ.

"ಅಕ್ಕ, ನೀರು ಕುಡೀತೀಯಾ?"

"ನೀರಿನ ಸುದ್ದಿ ಎತ್ತಬೇಡ."

"ಹಾಗಾದ್ರೆ ಹಳೇದನ್ನೇ ಕೂರಿಸಿಬಿಡ್ಲಾ? ಏನೂ ನಡೆದೇ ಇಲ್ಲ ಅನ್ನೋ ಹಾಗೆ?"

"ಬಿಚ್ಚಿದ್ದಾಯ್ತಲ್ಲ," ಎಂದಳು ಅವಳು. "ಹೊಸದು ಹಾಕು."

ಅಂದಿನಿಂದ ಅವಳ ತಲೆಯಲ್ಲಿ ಬೆಟ್ಟದ ಮೇಲೆ ಒಂದು ಮನೆ ಎದ್ದಿತು. ಮಿಷನ್ ತುಳಿಯುತ್ತಲೇ ಆ ಮನೆಗೆ ಬಾಗಿಲಿಟ್ಟಳು, ಕಿಟಕಿಯಿಟ್ಟಳು, ಅಂಗಳ ಗುಡಿಸಿದಳು. ಒಳಗೊಬ್ಬಳು ಹೆಂಗಸನ್ನೂ ಇಟ್ಟಳು. ಆ ಹೆಂಗಸಿನ ಮೂಗು, ಬಣ್ಣ, ವಯಸ್ಸು ಒಂದೂ ಹೊಳೆಯಲಿಲ್ಲ. ಅವಳು ಮೆತ್ತಗೆ ಮಾತಾಡುವವಳು ಎಂಬುದೊಂದು ಮಾತ್ರ ಖಚಿತವಾಗಿತ್ತು. ತಾನು ಸೋಸಿ ಕಳಿಸಿದ ನೀರಿನಲ್ಲಿ ಅವಳು ಅನ್ನ ಬೇಯಿಸುತ್ತಿದ್ದಳೋ, ತಲೆ ಮೀಯುತ್ತಿದ್ದಳೋ! ಆ ಯೋಚನೆಗೆ ಸೂಜಿ ಬೆರಳಿಗೇ ಇಳಿಯಿತು. ಹೊಲಿಗೆಯ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಅಕ್ಕನಿಗೆ ಏನಾಗಿದೆ? ಬೆಳಗಿನಿಂದ ಯಾರಿಗೂ ಬೈದಿಲ್ಲ!

ಗಂಡ ಊರಿಂದ ಬಂದಾಗ ಗಾಡಿ ಬಾಗಿಲ ಮುಂದೆ ತೊಳೆದು ನಿಂತಿತ್ತು. ತಮ್ಮ ಬಾನೆಟ್ ಎತ್ತಿ, ಅಕ್ಕನ ಕಣ್ಣು ತಪ್ಪಿಸುತ್ತ, ಕಂಠಪಾಠ ಒಪ್ಪಿಸಿದ.

"ಇನ್ನು ಬೆಟ್ಟ ಏನು ಭಾವ, ಗೋಡೆ ತೋರಿಸಿದ್ರೂ ಹತ್ತುತ್ತೆ. ಬಿಸಿ ತೋರಿಸೋ ಮುಳ್ಳು ಅರ್ಧ ದಾಟಲ್ಲ. ದಾರೀಲಿ ನಿಲ್ಲಿಸೋ ಮಾತೇ ಇಲ್ಲ. ಇಂಜಿನ್ ಆಫ್ ಮಾಡಿದ್ಮೇಲೂ ಬೇಕಂದ್ರೆ ಈ ಫ್ಯಾನು ತಾನೇ ತಿರುಗಿ, ತಾನೇ ನಿಲ್ಲುತ್ತೆ."

ಗಂಡ ಹೊಸ ರೇಡಿಯೇಟರನ್ನು ನೋಡಿದ. ಟೈಲರಕ್ಕ ಗಂಡನನ್ನು ನೋಡಿದಳು. ಉಡುಗೊರೆ ಬಿಚ್ಚಿದವನ ಮುಖ ಅಲ್ಲ ಅದು, ಮನೆಗೆ ಬೀಗ ಬಿದ್ದದ್ದನ್ನು ಕಂಡವನ ಮುಖ.

"ಯಾಕೆ?" ಎಂದ ಅವನು. ಒಂದೇ ಮಾತು.

"ನಿಮಗೆ ತೊಂದ್ರೆ ಅಲ್ವಾ, ಅದಕ್ಕೆ," ಎಂದಳು. ಹಾಗೆಯೇ ಸೇರಿಸಿದಳು: "ನಾಳೆ ನಾನೂ ಬರ್ತೀನಿ. ಹೇಗೆ ಹತ್ತುತ್ತೆ ನೋಡಬೇಕು."

ಮರುದಿನ ಬೆಳಿಗ್ಗೆ ಕೈ ರೂಢಿಗೆ ಬಿದ್ದು ನೀರು ಕಾಯಿಸಿತು, ಸೋಸಿತು, ಎರಡು ಕ್ಯಾನ್ ತುಂಬಿಸಿತು. ಗಾಡಿಯ ಹಿಂದೆ ಅವನ್ನು ಇಡುವಾಗಷ್ಟೇ ಇದು ಯಾವ ಸುಖಕ್ಕೆ ಎಂದು ಅವಳಿಗೆ ಅನ್ನಿಸಿದ್ದು. ಅಷ್ಟರಲ್ಲಿ ಗಂಡ ಇಂಜಿನ್ ಶುರು ಮಾಡಿದ್ದ.

ಸಂಜೆ ಲೋಡಾದ ಗಾಡಿ ಏರು ಹಿಡಿಯಿತು. ಎರಡೂ ಕಡೆ ಬೋಳು ಬಂಡೆ, ಒಣಹುಲ್ಲು. ಅವಳು ಒಮ್ಮೆ ರಸ್ತೆ ನೋಡುತ್ತಿದ್ದಳು, ಒಮ್ಮೆ ಬಿಸಿಯ ಮುಳ್ಳು. ಮುಳ್ಳು ಸಂಭಾವಿತನಂತೆ ಅರ್ಧಕ್ಕೆ ಬಂದು ಕೂತಿತ್ತು. ಮನೆಗಳಿಗಾಗಿ ಕಣ್ಣಾಡಿಸಿದಳು. ಇನ್ನೂ ಒಂದೂ ಬಂದಿರಲಿಲ್ಲ. ಮೇಲಿನ ದೊಡ್ಡ ತಿರುವು ಹತ್ತಿರವಾದಾಗ ಗಂಡನ ಎಡಗೈ ತನ್ನಷ್ಟಕ್ಕೆ ಗೇರಿನ ಮೇಲೆ ಹೋಯಿತು, ಗಾಡಿ ಒಂದು ಗಳಿಗೆ ಬಲಕ್ಕೆ ವಾಲಿತು. ಏನೋ ನೆನಪಾದವನಂತೆ ಅವನು ಮತ್ತೆ ಆಕ್ಸಿಲರೇಟರ್ ಒತ್ತಿದ.

"ನಿಲ್ಲಿಸಿ," ಎಂದಳು.

"ಯಾಕೆ? ಕಾದಿಲ್ಲ."

"ಕಾದಿದೆ ರೀ. ನಿಲ್ಲಿಸಿ."

ನಿಂತಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು, ಜಗಳಕ್ಕೆ ಇಳಿಯುವ ಹಾಗೇ. ಎಡಕ್ಕೆ ನೋಡಿದಳು, ಬಂಡೆ. ಬಲಕ್ಕೆ ಇಳಿಜಾರು, ದೂರದಲ್ಲಿ ಆಟಿಕೆಯಂತೆ ಊರು. ಮನೆಯಿಲ್ಲ, ಗುಡಿಸಲಿಲ್ಲ, ಕಾಲುದಾರಿ ಕೂಡ ಇಲ್ಲ. ತಾನು ಕಷ್ಟಪಟ್ಟು ಕಟ್ಟಿದ ಮನೆ ಬಾಗಿಲು ಕಿಟಕಿ ಸಮೇತ ಮಾಯವಾದದ್ದಕ್ಕೆ ಅವಳು ತಬ್ಬಿಬ್ಬಾದಳು.

ಆಮೇಲೆ ಮರ ಕಂಡಿತು.

ಇಡೀ ಬೆಟ್ಟಕ್ಕೆ ಅದೊಂದೇ ಮರ. ಎರಡಾಳೆತ್ತರ ಮೀರಿ, ಕೊಡೆ ಬಿಚ್ಚಿದ ಹಾಗೆ, ಆ ಸುಟ್ಟ ಬಂಡೆಗಳ ನಡುವೆ ನಾಚಿಕೆಯಿಲ್ಲದಷ್ಟು ಹಸಿರಾಗಿ ನಿಂತಿತ್ತು. ಬುಡದ ಸುತ್ತ ಕಲ್ಲು ಜೋಡಿಸಿ ಪಾತಿ ಮಾಡಿತ್ತು. ಪಾತಿಯ ಪಕ್ಕ ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಮಡಚಿಟ್ಟ ಗೋಣಿಚೀಲ. ಒಬ್ಬರು ಕೂರುವಷ್ಟೇ ಕಲ್ಲು. ಕೂತು ಕೂತು ನಡು ನುಣ್ಣಗಾಗಿತ್ತು.

"ಇಲ್ಲಿ ಯಾರು ಬರ್ತಾರೆ?" ಅವಳ ದನಿ ಅವಳಿಗೇ ಬೇರೆಯವರದೆನ್ನಿಸಿತು.

"ಯಾರೂ ಬರಲ್ಲ."

"ಮತ್ತೆ ನೀವು ಏನ್ ಮಾಡ್ತೀರಿ?"

ಗಂಡ ಸ್ಟಿಯರಿಂಗ್ ಬಿಟ್ಟು ಇಳಿದಿರಲಿಲ್ಲ. ತೆರೆದ ಬಾಗಿಲಿನಿಂದ ಕಾಲು ಇಳಿಬಿಟ್ಟು, ತಪ್ಪು ಹುಡುಕುವವನಂತೆ ತನ್ನ ಚಪ್ಪಲಿ ನೋಡಿಕೊಂಡ.

"ಕೂತಿರ್ತೀನಿ," ಎಂದ.

"ಕೂತು?"

"ಕೂತಿರ್ತೀನಿ, ಅಷ್ಟೇ."

ಸವತಿಯಾಗಿದ್ದರೆ ಜುಟ್ಟು ಹಿಡಿದು ಬೀದಿಗೆ ಎಳೆಯಬಹುದಿತ್ತು, ನಾಲ್ಕು ಜನರನ್ನು ಸೇರಿಸಬಹುದಿತ್ತು, ತಮ್ಮನ ಸ್ಪ್ಯಾನರ್ ಇತ್ತು. ಅವಳು ಸಿದ್ಧವಾಗಿ ಬಂದದ್ದೆಲ್ಲ ಅದಕ್ಕೇ. ಯಾರೂ ಇಲ್ಲದ ಕಲ್ಲಿನ ಮೇಲೆ ಒಬ್ಬನೇ ಸುಮ್ಮನೆ ಕೂತು, ಮನೆಗೆ ಹೋಗುವ ಹೊತ್ತನ್ನು ಅಷ್ಟಷ್ಟೇ ಮುಂದಕ್ಕೆ ತಳ್ಳುತ್ತಿದ್ದ ಗಂಡನೊಡನೆ ಯಾವ ಬಾಯಿಂದ ಜಗಳವಾಡುವುದು? ವರ್ಷಗಟ್ಟಲೆ, ದಿನವೂ! ಮರದ ದಪ್ಪ ನೋಡಿದರೆ ಲೆಕ್ಕ ಕೇಳಬೇಕಾಗಿಯೇ ಇರಲಿಲ್ಲ.

"ಯಾವ ಮರ ಇದು?" ಎಂದು ಕೊನೆಗೆ ಕೇಳಿದಳು.

"ಹೆಸರು ಗೊತ್ತಿಲ್ಲ. ಬೆರಳುದ್ದ ಇತ್ತು. ಕ್ಯಾನಲ್ಲಿ ನೀರು ಹಾಗೇ ಉಳೀತಿತ್ತಲ್ಲ, ವಾಪಸ್ ತಂದ್ರೆ ನೀನು ಕೇಳ್ತೀಯ ಅಂತ..." ಅವನು ಅಷ್ಟಕ್ಕೇ ನಿಲ್ಲಿಸಿದ. ಒಂದೇ ಉಸಿರಿಗೆ ಇಷ್ಟು ಮಾತು ಅವನು ಆಡಿದ್ದನ್ನು ಅವಳು ಕೇಳಿ ಎಷ್ಟೋ ಕಾಲವಾಗಿತ್ತು. "ಬಿಸಿಲುಗಾಲದಲ್ಲಿ ಎರಡೂ ಕ್ಯಾನ್ ಬೇಕಾಗುತ್ತೆ," ಎಂದು ಮೆತ್ತಗೆ ಸೇರಿಸಿದ.

ಅವಳ ಗಂಟಲಿಗೆ ಹತ್ತು ಮಾತು ಒಟ್ಟಿಗೆ ಬಂದವು. ಒಂದೊಂದೂ ಕತ್ತರಿಯಷ್ಟು ಹರಿತ. ಯಾವುದನ್ನೂ ಆಡದೆ ಗಾಡಿಯ ಹಿಂದಕ್ಕೆ ಹೋಗಿ ಕ್ಯಾನ್ ಇಳಿಸಿದಳು. ಗಂಡ ಅರ್ಧ ಎದ್ದು, ಮತ್ತೆ ಕೂತ. ಅವಳು ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಪಾತಿಗೆ ಬಗ್ಗಿಸಿದಳು. ಕಾಯಿಸಿ ಸೋಸಿದ ನೀರು ಒಂದು ಕ್ಷಣ ಹೊಳೆದು, ಮಣ್ಣು ಗಟಗಟ ಕುಡಿಯಿತು. ಎರಡನೆಯದನ್ನೂ ಹೊಯ್ದಳು.

ಆಮೇಲೆ ಗೋಣಿಚೀಲದ ಕಲ್ಲನ್ನು ಬಳಸಿ ಬಂದು, ಖಾಲಿ ಕ್ಯಾನನ್ನು ಆಚೆ ಬದಿಯಲ್ಲಿ ಬೋರಲು ಹಾಕಿ ಕೂತಳು. ಗಂಡ ಇಳಿದು ಬಂದು ತನ್ನ ಕಲ್ಲಿನ ಮೇಲೆ ಕೂತ. ನಡುವೆ ಮರ.

ಗಾಡಿಯ ಹೊಸ ಫ್ಯಾನು ತನ್ನಷ್ಟಕ್ಕೆ ತಿರುಗುತ್ತಿತ್ತು. ಅದು ನಿಂತಾಗ ಕೆಳಗಿನ ಊರಿನ ಒಂದು ಸದ್ದೂ ಅಲ್ಲಿಗೆ ಬರುತ್ತಿರಲಿಲ್ಲ. ಟೈಲರಕ್ಕ ಬಾಯಿ ತೆರೆದಳು, ಮೇಲೆ ಎಲೆ ಅಲುಗಿದ್ದು ಕೇಳಿಸಿತು, ಮುಚ್ಚಿಕೊಂಡಳು.