ಮೂರು ಗೆರೆಯ ಬಂಡೆ

ಹೊಸಹಳ್ಳಿ ಹಾದಿಯ ಕಲ್ಲುಗಣಿ ನಿಂತು ನಾಲ್ಕು ವರ್ಷವಾಗಿತ್ತು. ತಗ್ಗಿನ ತುಂಬ ಮಳೆನೀರು, ನೀರಿನ ತುಂಬ ಜಿಲೇಬಿ ಮೀನು. ಎರ್ರೆಮ್ಮ ದಿನಾ ಮಧ್ಯಾಹ್ನ ಬಿದಿರುಕೋಲು, ದಾರ, ಕೊಕ್ಕೆ, ಜೋಳದ ಹಿಟ್ಟಿನ ಉಂಡೆ ಹಿಡಿದು ಅಲ್ಲಿಗೆ ಬರುತ್ತಿದ್ದಳು.

ಕೂರುವ ಜಾಗ ಒಂದೇ. ಅಲ್ಲಿ ಬಂಡೆಯ ಮೇಲೆ ಅವಳ ಗಂಡ ದುರುಗಪ್ಪ ಉಳಿಯಿಂದ ಕೊರೆದ ಮೂರು ಗೆರೆಗಳಿದ್ದವು. ಕಲ್ಲು ಒಡೆಯುವವರ ಕಟ್ಟಳೆ ಅದು: ಮೊದಲು ಉಳಿ ಇಟ್ಟವರ ಗುರುತು ಇರುವತನಕ ಜಾಗ ಅವರದು, ಸತ್ತರೆ ಹೆಂಡತಿ ಮಕ್ಕಳದು. ದುರುಗಪ್ಪ ಕಲ್ಲಿನ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ. ಅವನದು ಅಂತ ಭೂಮಿಯ ಮೇಲೆ ಉಳಿದದ್ದು ಆ ಮೂರು ಗೆರೆ ಮಾತ್ರ.

ಅವತ್ತು ಗಣಿಯ ಗುತ್ತಿಗೆದಾರ ಜೀಪಿನಿಂದ ಇಳಿದ. ಹಿಂದೆ ಕಾವಲುಗಾರ ಪಾಲಯ್ಯ. ಒಂದು ಕಾಲಕ್ಕೆ ದುರುಗಪ್ಪನ ಪಕ್ಕದಲ್ಲೇ ಕಲ್ಲು ಒಡೆದವನು.

"ಏಯ್, ಏಳು ಅಲ್ಲಿಂದ. ಈ ನೀರು, ಮೀನು ಎಲ್ಲಾ ನಂದು. ಕಾಗದ ಐತಿ."

ಮಳೆನೀರಿಗೂ ಕಾಗದ ಮಾಡಿಸಿಕೊಂಡ ಮಹಾನುಭಾವ! ಎರ್ರೆಮ್ಮ ದಾರದಿಂದ ಕಣ್ಣು ತೆಗೆಯಲಿಲ್ಲ.

"ಕಲ್ಲು ನಿಮ್ದಿತ್ತು, ಲಾರಿಗಟ್ಲೆ ಒಯ್ದ್ರಿ. ಉಳಿದಿದ್ದು ತಗ್ಗು. ಅದನ್ನ ತೋಡಿದೋರು ನಾವು. ನೋಡ್ರಿ, ನನ್ ಗಂಡನ ಗುರ್ತು."

ಗುತ್ತಿಗೆದಾರನಿಗೆ ರೇಗಿಹೋಯಿತು.

"ಪಾಲಯ್ಯ, ಉಳಿ ಸುತ್ತಿಗಿ ತಗಂಬಾ. ಅದನ್ನ ಕೆತ್ತಿ ಹಾಕು. ಆಮ್ಯಾಲೆ ಯಾವ ಬಾಯಿಲೆ ಮಾತಾಡ್ತಾಳೋ ನೋಡಾನು."

ಪಾಲಯ್ಯ ತನ್ನ ಕಾವಲು ಗುಡಿಸಲಿನಿಂದ ಎರಡನ್ನೂ ತಂದು ಮಂಡಿಯೂರಿದ. ಎರ್ರೆಮ್ಮ ಕೋಲನ್ನು ಕಾಲಿನಡಿ ಒತ್ತಿಹಿಡಿದು ಗೆರೆಗಳ ಮೇಲೆ ಅಂಗೈ ಊರಿದಳು.

"ಹೊಡಿಯಣ್ಣ. ಮೊದ್ಲು ಕೈ, ಆಮ್ಯಾಲೆ ಗೆರಿ."

ಸುತ್ತಿಗೆ ಎತ್ತಿದವನ ಕಣ್ಣು ಮೊಳದಾಚೆ ಕೊರೆದಿದ್ದ ಸೊನ್ನೆಯ ಮೇಲೆ ಬಿತ್ತು. ಅದು ಅವನದೇ ಗುರುತು. ನೋಡಿದ, ಮತ್ತೆ ನೋಡಿದ. ಎದ್ದು ಉಳಿ ಸುತ್ತಿಗೆ ಎರಡನ್ನೂ ಗುತ್ತಿಗೆದಾರನ ಕೈಗಿಟ್ಟ.

"ನನ್ ಕೈಲಿ ಆಗಂಗಿಲ್ರಿ. ನೀವೇ ಹೊಡೀರಿ."

"ನಾಳಿಂದ ಕೆಲಸಕ್ಕ ಬರಬ್ಯಾಡ!"

"ಬರಂಗಿಲ್ಲ ಬಿಡ್ರಿ."

ಪಾಲಯ್ಯ ಹೋಗಿ ತನ್ನ ಸೊನ್ನೆಯ ಪಕ್ಕ ಕೂತ. "ತಂಗೀ, ಇನ್ನೊಂದು ಕೊಕ್ಕಿ ಐತೇನು?"

ಎರ್ರೆಮ್ಮ ಸೆರಗಿನ ಗಂಟು ಬಿಚ್ಚಿ ಕೊಕ್ಕೆ, ದಾರ ಕೊಟ್ಟು, ಮತ್ತೆ ಗೆರೆಗಳ ಮೇಲೆ ಕೈಯಿಟ್ಟಳು. ಗುತ್ತಿಗೆದಾರ ಹಲ್ಲು ಕಡಿಯುತ್ತ ಪಾಲಯ್ಯನ ಸೊನ್ನೆಯ ಮೇಲೆ ಉಳಿ ಇಟ್ಟು ಒಂದೇಟು ಹಾಕಿದ. ಇಪ್ಪತ್ತು ವರ್ಷ ಗಣಿ ನಡೆಸಿದವನು ಒಂದು ದಿನವೂ ಉಳಿ ಹಿಡಿದಿರಲಿಲ್ಲ. ಉಳಿ ಜಾರಿ ಹಾರಿ ನೀರಿಗೆ ಬಿತ್ತು.

"ಮೆಲ್ಲಕ್ರೀ," ಎಂದಳು ಎರ್ರೆಮ್ಮ, "ಮೀನು ಬೆದರ್ತಾವು."